ಹದಿನಾರು ಮಾತ್ರೆಯ ಸಾಲು

ಉಪ್ಪಲ್, ಹೈದರಾಬಾದ್
9 ಜೂನ್ 2024

ಶರ್ವರಿಗೆ,

ಹನ್ನೊಂದು ವರ್ಷದ ಮೇಲೆ ಈ ಕೈಬರಹ ಕಂಡು ನೀನು ಲಕೋಟೆಯನ್ನು ಒಡೆಯದೆ ಬದಿಗಿಡಬಹುದು. ಇಡಬೇಡ. ಇದು ಕೆಲಸದ ಕಾಗದ.

ಕೋಠಿಯ ಒಂದು ಪ್ರೆಸ್ಸಿನಲ್ಲಿ ನೀನು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಕಟ್ಟುವ ಕೆಲಸ ಮಾಡುತ್ತೀಯೆಂದು ನಮ್ಮವರಿಂದ ತಿಳಿಯಿತು. ನನ್ನ ಬಳಿ ಒಂದು ಪುಸ್ತಕಕ್ಕಾಗುವಷ್ಟು ಹಾಳೆಗಳಿವೆ. ನನ್ನ ಅಜ್ಜಿ ಪಾರ್ವತಿಬಾಯಿ ದಾಸರ ಪದಗಳನ್ನು ಹಾಡುತ್ತಿದ್ದ ಧಾಟಿಗಳು, ಒಟ್ಟು ನಲವತ್ತೆಂಟು. ಬೇರೆ ಯಾರ ಬಾಯಲ್ಲೂ ಅವು ಇಲ್ಲ. ಅಜ್ಜಿಯಿಂದ ನನಗೆ ಪೂರ್ತಿ ಬಂದವು, ನನ್ನಿಂದ ನಿನಗೆ ಅರ್ಧ ಬಂದವು. ಆರು ವರ್ಷದಿಂದ ಒಂದೊಂದಾಗಿ ಸ್ವರಲಿಪಿಯಲ್ಲಿ ಬರೆದಿಟ್ಟಿದ್ದೇನೆ.

ಟೈಪು ಮಾಡಿಸಬೇಡ. ಸ್ವರದಿಂದ ಸ್ವರಕ್ಕೆ ಮೀಂಡ್ ಎಳೆಯುವಲ್ಲಿ ನಾನು ಹಾಕಿದ ಕಮಾನಿಗೆ ಯಾವ ಕೀಲಿಮಣೆಯಲ್ಲೂ ಗುಂಡಿ ಇಲ್ಲ. ನನ್ನ ಹಾಳೆಗಳನ್ನೇ ಸ್ಕ್ಯಾನ್ ಮಾಡಿ ಚಿತ್ರವಾಗಿ ಇಡು. ಒಂದೇ ಷರತ್ತು: ಎಲ್ಲ ಚಿತ್ರಗಳೂ ಒಂದೇ ಅಳತೆಯಲ್ಲಿ ಕಾಣಬೇಕು. ಒಂದು ಪುಟದ ಸ್ವರ ದೊಡ್ಡದು, ಇನ್ನೊಂದು ಪುಟದ್ದು ಸಣ್ಣದು ಆಗಕೂಡದು. ಇದನ್ನು ಎರಡು ಸಲ ಓದಿಕೋ.

ನವರಾತ್ರಿಗೆ ಪುಸ್ತಕ ಕೈಯಲ್ಲಿರಬೇಕು. ಇಷ್ಟು ಅವಸರ ಯಾಕೆಂದು ಕೇಳಬೇಡ.

ಹಾಳೆಗಳನ್ನು ತರುವವಳು ಸುಗಲಮ್ಮ, ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಹಂಪಯ್ಯನ ಹೆಂಡತಿ. ಯಾದಗಿರಿ ಕಡೆಯವಳು. ಗಂಡನ ಸಕ್ಕರೆ ಕಾಯಿಲೆಯ ಗುಳಿಗೆಗಾಗಿ ಕೋಠಿಗೆ ಬಂದಾಗಲೆಲ್ಲ ನಿನ್ನ ಪ್ರೆಸ್ಸಿನ ಕಡೆ ಬರುತ್ತಾಳೆ. ಉತ್ತರವನ್ನು ಅವಳ ಕೈಯಲ್ಲೇ ಕೊಡು. ಫೋನು ಮಾಡಬೇಡ. ಫೋನಿನಲ್ಲಿ ಇಬ್ಬರೂ ಏನಾದರೂ ಅಂದುಬಿಡುತ್ತೇವೆ.

ಸುಂದರಾಬಾಯಿ


ಕೂಕಟ್‌ಪಲ್ಲಿ
23 ಜೂನ್ 2024

ಅಕ್ಕಾವರಿಗೆ ನಮಸ್ಕಾರ.

ಲಕೋಟೆಯ ಹಿಂದೆ ನಿಮ್ಮ ಹೆಸರು ಕಂಡಾಗ ಮೊದಲು ಹೊಳೆದದ್ದು ಯಾರೋ ಹೋಗಿಬಿಟ್ಟಿದ್ದಾರೆ ಎಂದು. ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತೇ ಒಡೆದೆ. ಸುಗಲಮ್ಮ ಗಾಬರಿಯಾಗಿ, "ಯಾಕ್ರಿ, ಕೆಟ್ಟ ಸುದ್ದಿ ಐತೇನ್ರಿ?" ಎಂದು ಕೇಳಿದಳು. ಇಲ್ಲ, ಹಾಡು ಅಂದೆ.

ಹಾಳೆಗಳೆಲ್ಲ ಸುರಕ್ಷಿತವಾಗಿವೆ. ನಾನೇ ಸ್ಕ್ಯಾನ್ ಮಾಡಿದೆ, ಬೇರೆಯವರ ಕೈಗೆ ಕೊಡಲಿಲ್ಲ. ಅಂಚಿನ ಖಾಲಿ ಜಾಗ ಕತ್ತರಿಸಿ, ಪ್ರತಿ ಪುಟದಲ್ಲೂ ಒಂದೇ ಅಗಲದ ಚೌಕಟ್ಟು ಹಾಕಿ, ಅದರೊಳಗೆ ಒಂದೊಂದು ಪದ ಕೂರಿಸಿದ್ದೇನೆ. ನೀವು ಕೊಟ್ಟ ಕ್ರಮದಲ್ಲೇ ಇವೆ, ಬೆಳಗಿನ ಪದ ಮೊದಲು, ಮಂಗಳಾರತಿ ಕೊನೆಗೆ. ಮೊದಲ ಇಪ್ಪತ್ತು ಪುಟಗಳ ಪ್ರೂಫು ಇದರ ಜೊತೆ ಇದೆ.

ಆರನೆಯ ಪದ ನೀವು ನನಗೆ ಹೇಳಿಕೊಟ್ಟಿದ್ದು. ಮೌಸ್ ಹಿಡಿದ ಕೈ ನಿಂತುಹೋಯಿತು, ಬಾಯಿ ತಾನಾಗಿ ಹಾಡಿತು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಸಲ.

ನೀವು ಆರಾಮಾಗಿದ್ದೀರೆಂದು ನಂಬುತ್ತೇನೆ.

ನಿಮ್ಮ ಶಿಷ್ಯೆ ಎನ್ನಬಹುದೋ ಇಲ್ಲವೋ ತಿಳಿಯದ,
ಶರ್ವರಿ


ಉಪ್ಪಲ್
4 ಜುಲೈ 2024

ಶರ್ವರಿಗೆ,

ಪ್ರೂಫು ನೋಡಿದೆ. ಕೆಲಸ ಸರಿಯಾಗಿಲ್ಲ.

ಮೂರನೆಯ ಪುಟದ ಗೆರೆಗಳು ಕೂದಲಿನಷ್ಟು ಸಣ್ಣ. ನಾಲ್ಕನೆಯದರಲ್ಲಿ ಅದೇ ಪೆನ್ನಿನ ಗೆರೆ ಇದ್ದಿಲಲ್ಲಿ ಬರೆದಷ್ಟು ದಪ್ಪ. ಹನ್ನೆರಡನೆಯದರಲ್ಲಿ ಸ್ವರಗಳು ಅಂಗಡಿಯ ಬೋರ್ಡಿನ ಹಾಗೆ ಉಬ್ಬಿವೆ, ಸುತ್ತಲಿನ ಅಂಚೆಲ್ಲ ಒಡೆದುಕೊಂಡಿದೆ. ಚೌಕಟ್ಟು ಒಂದೇ ಇದ್ದರೆ ಏನಾಯಿತು? ನನ್ನ ಹತ್ತಿರ ಕಲಿಯುವ ಧನಶ್ರೀಗೆ ಹನ್ನೊಂದು ವರ್ಷ. ಅವಳೇ ಗುರುತಿಸಿದಳು: "ಅಕ್ಕಾವ್ರ, ಇವು ಬ್ಯಾರೆ ಬ್ಯಾರೆ ಮಂದಿ ಬರದಾರೇನ್ರಿ?"

ಒಬ್ಬಳೇ ಬರೆದದ್ದು, ಒಬ್ಬಳೇ ಬರೆದ ಹಾಗೆ ಕಾಣಬೇಕು. ಅದಕ್ಕೇ ಮೊದಲ ಕಾಗದದಲ್ಲಿ ಎರಡು ಸಲ ಓದಿಕೋ ಎಂದಿದ್ದೆ.

ಆರನೆಯ ಪದದ ಅಂತರಾದಲ್ಲಿ, ಮೇಲಿನ ಸ್ವರಗಳಿಗೆ ಏರುವ ಕಡೆ, ಕೋಮಲ ನಿಷಾದ ಮರೆಯಬೇಡ. ನೀನು ಯಾವಾಗಲೂ ಮರೆಯುತ್ತಿದ್ದೆ.

ಸುಂದರಾಬಾಯಿ


ಕೂಕಟ್‌ಪಲ್ಲಿ
14 ಜುಲೈ 2024

ಅಕ್ಕಾವರೇ,

ತಪ್ಪು ನನ್ನದು. ಚಿತ್ರ ತಾನಾಗಿ ಚೌಕಟ್ಟನ್ನು ತುಂಬಿಕೊಳ್ಳಲಿ ಎಂದು ತಂತ್ರಾಂಶಕ್ಕೆ ಬಿಟ್ಟಿದ್ದೆ. ಅದು ಚೌಕಟ್ಟನ್ನು ನೋಡುತ್ತದೆ, ಅಕ್ಷರವನ್ನು ನೋಡುವುದಿಲ್ಲ. ಚಿತ್ರ ಕಿರಿದಾಗಿದ್ದರೆ ಹಿಗ್ಗಿಸುತ್ತದೆ, ಹಿರಿದಾಗಿದ್ದರೆ ಕುಗ್ಗಿಸುತ್ತದೆ. ಹಿಗ್ಗಿದ ಕಡೆ ಗೆರೆ ದಪ್ಪವಾಗಿದೆ.

ಅದಕ್ಕೆ ಈ ವಾರ ಆ ಹೊಂದಿಕೆ ತೆಗೆದುಹಾಕಿ, ನಲವತ್ತೆಂಟು ಚಿತ್ರಗಳಿಗೂ ಒಂದೇ ಅಂಕಿ ಕೊಟ್ಟೆ: ಶೇಕಡಾ ಅರವತ್ತನಾಲ್ಕು. ಹಾಳೆಯ ಮೇಲೆ ಎಷ್ಟಿತ್ತೋ ಅದರ ನೂರರಲ್ಲಿ ಅರವತ್ತನಾಲ್ಕು ಪಾಲು, ಎಲ್ಲಕ್ಕೂ. ಇನ್ನು ಮಾತೇ ಇಲ್ಲ ಅಂದುಕೊಂಡೆ.

ಆದರೆ ಹಾಗೆ ಮಾಡಿದ ಮೇಲೆ ಪುಟಗಳು ಮೊದಲಿಗಿಂತ ಹೆಚ್ಚು ಏರುಪೇರಾದವು. ಕೆಲವು ಪದಗಳ ಸಾಲು ಪುಟದ ತುಂಬ ಬರುತ್ತದೆ, ಕೆಲವು ಅರ್ಧಕ್ಕೇ ಮುಗಿಯುತ್ತವೆ. ನೀವು ಒಂದು ಆವರ್ತನವನ್ನು ಒಂದು ಸಾಲಿನಲ್ಲಿ ಬರೆಯುತ್ತೀರಿ. ಎಲ್ಲವೂ ತ್ರಿತಾಲ. ಹದಿನಾರು ಮಾತ್ರೆ, ಹದಿನಾರು ಸ್ವರದ ಜಾಗ. ಹಾಗಾದರೆ ಸಾಲಿನ ಉದ್ದ ಹೆಚ್ಚುಕಡಿಮೆ ಒಂದೇ ಬರಬೇಕಲ್ಲ?

ಸ್ಕ್ಯಾನಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಮೂಲ ಹಾಳೆಗಳನ್ನೇ ಅಳತೆಪಟ್ಟಿಯಿಂದ ಅಳೆದೆ. ಸ್ಕ್ಯಾನು ಸರಿಯಾಗಿಯೇ ಇದೆ. ಪ್ರತಿ ಹಾಳೆಯ ಕೆಳಗೆ ನೀವು ತಾರೀಖು ಹಾಕಿದ್ದೀರಿ. ಬೆಳಗಿನಿಂದ ಮಂಗಳಾರತಿಯ ಕ್ರಮದಲ್ಲಿ ಇಟ್ಟಾಗ ತಾರೀಖುಗಳು ಕಲಸಿಹೋಗಿದ್ದವು. ತಾರೀಖಿನ ಪ್ರಕಾರ ಟೇಬಲ್ ಮೇಲೆ ಹರಡಿ ನೋಡಿದೆ. 2018ರ ಹಾಳೆಯಲ್ಲಿ ಸಾಲು ಹದಿನೆಂಟು ಸೆಂಟಿಮೀಟರ್. 2020ರಲ್ಲಿ ಹದಿನಾರು. 2022ರಲ್ಲಿ ಹದಿಮೂರು. ಈ ಮಾರ್ಚಿನದು ಒಂಬತ್ತು. ನಡುವೆ ಎಲ್ಲಿಯೂ ಹಿಂದೆಮುಂದೆ ಇಲ್ಲ. ಇಳಿಯುತ್ತಲೇ ಬಂದಿದೆ. ಸಾಲಿನ ಮೊದಲ ಸ್ವರಕ್ಕಿಂತ ಕೊನೆಯ ಸ್ವರ ಇನ್ನೂ ಸಣ್ಣ.

ಪೆನ್ನು ಬದಲಾಯಿಸಿದಿರಾ? ಕನ್ನಡಕದ ನಂಬರು? ಕೊನೆಗೆ ಬರೆದ ಹನ್ನೊಂದು ಪದಗಳನ್ನು ಅರವತ್ತನಾಲ್ಕರಲ್ಲಿ ಇಟ್ಟರೆ ಯಾರಿಗೂ ಓದಲಾಗುವುದಿಲ್ಲ. ಏನು ಮಾಡಲಿ, ತಿಳಿಸಿ.

ಶರ್ವರಿ


ಉಪ್ಪಲ್
19 ಜುಲೈ 2024

ಶರ್ವರಿ,

ಕಾಗದ ಉಳಿಸಲು ಸಣ್ಣದಾಗಿ ಬರೆದೆ. ಅಷ್ಟೇ.

ಅಳೆಯುವ ಕೆಲಸ ನಿನಗೆ ಯಾರು ಹೇಳಿದರು? ಒಂದೊಂದು ಚಿತ್ರಕ್ಕೂ ಬೇರೆ ಬೇರೆ ಅಂಕಿ ಕೊಟ್ಟು ಅಕ್ಷರ ಒಂದೇ ಎತ್ತರ ಬರುವ ಹಾಗೆ ಮಾಡು. ಗೆರೆ ದಪ್ಪವಾದರೆ ತೆಳ್ಳಗೆ ಮಾಡುವ ಉಪಾಯವೂ ನಿನ್ನ ತಂತ್ರಾಂಶದಲ್ಲಿ ಇರಲೇಬೇಕು. ಪುಟದ ಕೆಳಗಿನ ತಾರೀಖುಗಳನ್ನೆಲ್ಲ ಅಳಿಸು.

ಈ ವಿಷಯ ಯಾರ ಮುಂದೂ ಆಡಬೇಡ. ಮುಖ್ಯವಾಗಿ ನನ್ನ ಮಗ ಕೌಸ್ತುಭನ ಕಿವಿಗೆ ಬೀಳಬಾರದು.

ಸುಂ.


ಕೂಕಟ್‌ಪಲ್ಲಿ
4 ಆಗಸ್ಟ್ 2024

ಅಕ್ಕಾವರೇ,

ಎರಡು ವಾರ ಬರೆಯಲಾಗಲಿಲ್ಲ. ಬರೆದು ಹರಿದೆ, ಮತ್ತೆ ಬರೆದೆ.

ನಮ್ಮ ಪ್ರೆಸ್ಸಿನಲ್ಲಿ ಆನಂದಕುಮಾರ ಎಂಬ ಹಿರಿಯರು ಪ್ರೂಫು ನೋಡುತ್ತಾರೆ. ನಿಮ್ಮ ಹೆಸರು ಹೇಳಲಿಲ್ಲ, ಆಣೆ. ತೆರೆಯ ಮೇಲೆ ಆರು ವರ್ಷದ ಆರು ಹಾಳೆ ಒಂದರ ಕೆಳಗೊಂದು ಇಟ್ಟುಕೊಂಡು ಕೂತಿದ್ದೆ. ಅವರು ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ.

"ಇದು ಯಾರ ಅಕ್ಷರವಾ?" ಎಂದರು.

"ಪರಿಚಯದವರದು. ಯಾಕ್ರಿ?"

"ನಮ್ಮಣ್ಣಂದು ಹಿಂಗ ಆಗಿತ್ತು. ಸಹಿ ಕೂಡವಲ್ದು ಅಂತ ಬ್ಯಾಂಕಿನ್ಯಾಗ ಎರಡು ಸಲ ಫಾರ್ಮ್ ವಾಪಸ್ ಕೊಟ್ರು. ನಾವು ಮನ್ಯಾಗ ನಕ್ವಿ. ಆರು ತಿಂಗಳ ಮ್ಯಾಲ ಅಂಗಿ ಗುಂಡಿ ಹಾಕ್ಕೊಳ್ಳಿಕ್ಕೆ ಬರಲಿಲ್ಲ. ಆಗ ಡಾಕ್ಟರ್ ಹತ್ರ ಹೋದ್ವಿ."

"ಏನಂದ್ರು?"

"ಪಾರ್ಕಿನ್ಸನ್. ಅಕ್ಷರ ಸಣ್ಣ ಆಗೋದೇ ಮೊದಲನೇ ಗುರುತು ಇತ್ತು, ನಿಮಗ ಕಾಣಲಿಲ್ಲೇನು ಅಂದ್ರು. ದಿನಾ ನೋಡೋರಿಗೆ ಅದು ಕಾಣಂಗಿಲ್ಲವಾ."

ನಿಮ್ಮ ಮೂರು ಕಾಗದಗಳನ್ನು ತೆಗೆದು ನೋಡಿದೆ. ಅಲ್ಲಿಯೂ ಮೊದಲ ಸಾಲಿನ ಅಕ್ಷರ ಸಾಸಿವೆಯಷ್ಟಿದ್ದರೆ ಕೊನೆಯ ಸಾಲಿನದು ಗಸಗಸೆಯಷ್ಟು. ಕಳೆದ ಕಾಗದದಲ್ಲಿ ನೀವು ಹೆಸರು ಪೂರ್ತಿ ಬರೆದಿಲ್ಲ. ಸಿಟ್ಟಿಗೆ ಹಾಗೆ ಮಾಡಿದಿರೆಂದು ಅಂದುಕೊಂಡಿದ್ದೆ.

ನಿನ್ನೆ ಶನಿವಾರ ಮೆಟ್ರೋ ಹತ್ತಿ ಉಪ್ಪಲ್‌ಗೆ ಬಂದೆ. ನಿಮ್ಮ ಮಹಡಿ ಹತ್ತಿ ಬಾಗಿಲ ತನಕ ಬಂದೆ. ಒಳಗೆ ಮಕ್ಕಳಿಗೆ ಪಾಠ ನಡೆದಿತ್ತು. ನಿಮ್ಮ ಧ್ವನಿ ಕೇಳಿಸಿತು, ಅದೇ ಧ್ವನಿ, ಆದರೆ ಮೆಲ್ಲಗೆ, ನಡುವೆ ಒಂದು ಬಾಗಿಲು ಹೆಚ್ಚಿಗೆ ಇದ್ದ ಹಾಗೆ. ಬೆರಳು ಗಂಟೆಯ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ನೀವು ಬಾಗಿಲು ತೆಗೆದರೆ ನಾನು ಮೊದಲು ನಿಮ್ಮ ಕೈಯನ್ನೇ ನೋಡುತ್ತಿದ್ದೆ. ಅದು ನಿಮಗೆ ತಿಳಿದುಬಿಡುತ್ತಿತ್ತು.

ಕೆಳಗೆ ಸುಗಲಮ್ಮ ಸಿಕ್ಕಳು. ಕೇಳದಿದ್ದರೂ ಹೇಳಿದಳು: "ಅಕ್ಕಾವ್ರು ಬಲಗೈ ಸೆರಗಿನ್ಯಾಗ ಮುಚ್ಚಿ ಇಟ್ಕೊಂತಾರ್ರಿ. ಚಳಿ ಅಂತಾರ. ಬ್ಯಾಸಗಿ ಸುಡಾಕತ್ತಿದ್ರೂ ಹಂಗ ಇಟ್ಕೊಂಡಿದ್ರು. ನನಗ ಅಂಜಿಕಿ ಆಗೈತ್ರಿ."

ನನ್ನ ಊಹೆ ಸುಳ್ಳಾಗಲಿ. ಸುಳ್ಳಾದರೆ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಒಂದು ಸಲ ಡಾಕ್ಟರಿಗೆ ತೋರಿಸಿ, ಅಕ್ಕಾವರೇ.

ಶರ್ವರಿ


ಕೋಠಿ
25 ಆಗಸ್ಟ್ 2024

ಅಕ್ಕಾವರೇ,

ಮೂರು ವಾರವಾಯಿತು. ಸುಗಲಮ್ಮ ಬಂದಿಲ್ಲ. ಔಷಧದ ಅಂಗಡಿಗಳ ಸಾಲಿನಲ್ಲಿ ಎರಡು ಸಲ ಹುಡುಕಿ ಬಂದೆ. ಫೋನು ಕೈಗೆ ತೆಗೆದುಕೊಂಡು ನಿಮ್ಮ ನಂಬರು ಒತ್ತಿ, ಗಂಟೆ ಹೋಗುವ ಮೊದಲೇ ಇಟ್ಟೆ. ಆ ಕಡೆ ಬೇರೆ ಯಾರಾದರೂ ಎತ್ತಿದರೆ ಏನು ಕೇಳಬೇಕು ನಾನು?

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಬೈದಾದರೂ ಒಂದು ಸಾಲು ಬರೆಯಿರಿ. ಹೆಸರೊಂದನ್ನೇ ಬರೆದರೂ ಸಾಕು.

ಶರ್ವರಿ


ಉಪ್ಪಲ್
2 ಸೆಪ್ಟೆಂಬರ್ 2024

ಶರ್ವರಿ,

ಇಷ್ಟು ದಿನ ಸುಗಲಮ್ಮನನ್ನು ನಿನ್ನ ಕಡೆ ಕಳಿಸದಿದ್ದವಳು ನಾನೇ. ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಎಲ್ಲಿ ಅಕ್ಷರ ಮುದುಡಿದೆಯೋ ಅಲ್ಲಿ ಒಂದು ದಿನ ಮುಗಿದಿದೆ ಎಂದು ತಿಳಿದುಕೋ.

ನಿನ್ನ ಊಹೆ ಸುಳ್ಳಲ್ಲ. ನನಗೆ ಎರಡು ವರ್ಷದಿಂದ ಗೊತ್ತು. ಡಾಕ್ಟರು ಹೇಳಿ ಗೊತ್ತಾದದ್ದಲ್ಲ, ನೋಡಿ ಗೊತ್ತಾದದ್ದು. ನನ್ನ ಅಣ್ಣ ಹಣಮಂತರಾಯನನ್ನು ನೀನು ನೋಡಿಲ್ಲ. ನೀನು ಪಾಠಕ್ಕೆ ಬರುವುದು ಬಿಟ್ಟ ಮೇಲೆ ನಮ್ಮ ಮನೆಗೆ ಬಂದ. ನೀರಾವರಿ ಇಲಾಖೆಯಲ್ಲಿ ದೊಡ್ಡ ನಕ್ಷೆಗಳಿಗೆ ಸಹಿ ಹಾಕುತ್ತಿದ್ದವನು. ಅವನಿಗೆ ಇದೇ ರೋಗ. ಕೊನೆಯ ನಾಲ್ಕು ವರ್ಷ ನಮ್ಮಲ್ಲೇ ಇದ್ದ. ಮೊದಲು ಅಕ್ಷರ ಹೋಯಿತು, ಆಮೇಲೆ ನಡಿಗೆ, ಆಮೇಲೆ ಮುಖದ ಮೇಲಿನ ನಗು, ಆಮೇಲೆ ಮಾತು. ಕೊನೆಗೆ ನುಂಗುವುದು.

ಅವನಿಗೆ ಊಟ ಮಾಡಿಸುತ್ತಿದ್ದವನು ನನ್ನ ಮಗ ಕೌಸ್ತುಭ. ಆಗ ಕಾಲೇಜು ಓದುತ್ತಿದ್ದ. ಒಂದು ದಿನ ನಾನು ಪಾಠಕ್ಕೆ ಹೋಗಿದ್ದಾಗ ಗಂಜಿ ಗಂಟಲಲ್ಲಿ ನಿಂತಿತು. ಮನೆಯಲ್ಲಿ ಅವನೊಬ್ಬನೇ. ನಾನು ಬಂದಾಗ ಎಲ್ಲ ಮುಗಿದಿತ್ತು. ಕೌಸ್ತುಭ ಚಮಚ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. "ಮಾಮಾ ಕಣ್ಣಿಂದ ಏನೋ ಕೇಳ್ತಿದ್ರಮ್ಮಾ, ನನಗ ತಿಳೀಲಿಲ್ಲ" ಎಂದ. ಆಮೇಲೆ ಆ ವಿಷಯ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಈಗ ನಾಂದೇಡಿನಲ್ಲಿ ಮೇಷ್ಟ್ರಾಗಿದ್ದಾನೆ. ತಿಂಗಳಿಗೊಮ್ಮೆ ಬರುತ್ತಾನೆ. ಬಂದಾಗ ಅವನ ಎದುರು ನಾನು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತೇನೆ.

ಸಾಯುವ ಹೆದರಿಕೆ ಅಷ್ಟಿಲ್ಲ. ಅವನು ಮತ್ತೆ ಆ ಚಮಚ ಹಿಡಿದು ನಿಲ್ಲುವುದನ್ನು ನಾನು ಹಾಸಿಗೆಯಿಂದ ನೋಡಬೇಕಲ್ಲ, ಅದು. ಆ ಹೆದರಿಕೆಗೆ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಅವರು ಹೆಸರಿಟ್ಟು ಹೇಳಿದರೆ ಅದು ಮನೆಗೆ ಬಂದು ಕೂತ ಹಾಗೆ.

ಕೈ ಪೂರ್ತಿ ಹೋಗುವ ಮೊದಲು ಅಜ್ಜಿಯ ಧಾಟಿಗಳನ್ನು ಬರೆದು ಮುಗಿಸಬೇಕೆಂದು ಅವಸರ ಮಾಡಿದೆ. ಮುಗಿಸಿದ ಮೇಲೆ ನೋಡಿದರೆ ಹಾಳೆಗಳೇ ನನ್ನ ಗುಟ್ಟನ್ನು ಹೇಳುತ್ತಿದ್ದವು. ಅದಕ್ಕೇ ಎಲ್ಲವೂ ಒಂದೇ ಅಳತೆ ಇರಲಿ ಎಂದದ್ದು.

ಪುಟ ಕಟ್ಟುವವರು ಈ ಊರಲ್ಲಿ ಬಹಳ ಮಂದಿ ಇದ್ದಾರೆ. ನಿನ್ನನ್ನೇ ಯಾಕೆ ಹುಡುಕಿದೆ ಎಂದು ನೀನು ಕೇಳಲಿಲ್ಲ. ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ದಾಸರ ಆರಾಧನೆಯಲ್ಲಿ ಮೇಲಿನ ಷಡ್ಜ ನನಗೆ ಸಿಗಲಿಲ್ಲ. ಎರಡನೆಯ ಪದಕ್ಕೆ ಮುಂಚೆ ನೀನು ನನ್ನನ್ನು ಕೇಳದೆ ತಂಬೂರಿಯನ್ನು ಅರ್ಧ ಸ್ವರ ಇಳಿಸಿದೆ. ನಾನು ಹಾಡಿದೆ, ಜನ ಮೆಚ್ಚಿದರು. ಒಳಗೆ ಬಂದು ನಿನಗೆ ಇನ್ನು ನನ್ನ ಮನೆಯ ಮೆಟ್ಟಿಲು ಹತ್ತಬೇಡ ಎಂದೆ. ಇಷ್ಟು ವರ್ಷ, ನನ್ನ ಧ್ವನಿ ಏರಲಿಲ್ಲವೆಂಬ ಮಾತು ಎಲ್ಲಿಂದಲಾದರೂ ತಿರುಗಿ ನನ್ನ ಕಿವಿಗೆ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ನೀನು ಯಾರಿಗೂ ಹೇಳಿರಲಿಲ್ಲ.

ಈಗಲೂ ಹೇಳಬೇಡ. ಅಕ್ಷರ ಒಂದೇ ಎತ್ತರ ಮಾಡು.

ಸುಂದರಾಬಾಯಿ


ಕೂಕಟ್‌ಪಲ್ಲಿ
5 ಸೆಪ್ಟೆಂಬರ್ 2024

ಅಕ್ಕಾವರೇ,

ಮಾಡಬಲ್ಲೆ. ಒಂದು ಪದವನ್ನು ಮಾಡಿಯೂ ನೋಡಿದೆ. ಈ ಮಾರ್ಚಿನ ಹಾಳೆಯನ್ನು ಎರಡು ಪಟ್ಟು ಹಿಗ್ಗಿಸಿ, ಗೆರೆಯ ಅಂಚನ್ನು ಕೆತ್ತಿ ತೆಳ್ಳಗೆ ಮಾಡಿ 2018ರ ಹಾಳೆಯ ಪಕ್ಕಕ್ಕಿಟ್ಟೆ. ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ನನ್ನ ಕೈಯಿಂದಲೇ ನಿಮ್ಮ ರೋಗ ಕಾಣದಂತಾಯಿತು. ಕಾಣದ ರೋಗಕ್ಕೆ ಔಷಧ ಕೊಡುವವರು ಯಾರು?

ತಂಬೂರಿಯ ವಿಷಯ. ನಿಮ್ಮನ್ನು ಕೇಳದೆ ಇಳಿಸಿದ್ದು ತಪ್ಪು. ವೇದಿಕೆಯ ಮೇಲೆ ನಿಮ್ಮ ಕೊರಳಿನ ನರ ಉಬ್ಬಿದ್ದನ್ನು ನೋಡಿ ನನಗೆ ದಿಗಿಲಾಗಿತ್ತು, ಕೇಳಲು ಧೈರ್ಯ ಬರಲಿಲ್ಲ. ಅದಕ್ಕೆ ಈಗ ಮೊದಲು ಕೇಳುತ್ತಿದ್ದೇನೆ. ನೀವು ನನ್ನ ಜೊತೆ ಆಸ್ಪತ್ರೆಗೆ ಬಂದರೆ ನೀವು ಹೇಳಿದ ಹಾಗೆಯೇ ಪುಟ ಕಟ್ಟುತ್ತೇನೆ. ಬರದಿದ್ದರೆ ಹಾಳೆಗಳನ್ನು ವಾಪಸ್ ಕಳಿಸುತ್ತೇನೆ. ಕೌಸ್ತುಭನಿಗೆ ಮಾತ್ರ ನಾನು ಹೇಳುವುದಿಲ್ಲ; ಅದು ನೀವೇ ಹೇಳಬೇಕಾದ ಮಾತು.

ಹದಿಮೂರನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಉಪ್ಪಲ್ ಮೆಟ್ರೋ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಹನ್ನೊಂದರ ತನಕ ನಿಂತಿರುತ್ತೇನೆ.

ಶರ್ವರಿ


ಉಪ್ಪಲ್
22 ಸೆಪ್ಟೆಂಬರ್ 2024

ಶರ್ವರಿ,

ಆಸ್ಪತ್ರೆಯಲ್ಲಿ ನಾನೊಬ್ಬಳೇ ಒಳಗೆ ಹೋಗುತ್ತೇನೆಂದು ಹಟ ಹಿಡಿದೆ, ನೀನು ಹೊರಗೆ ಕೂತೆ. ವಾಪಸ್ ಬರುವಾಗ ಆಟೋದಲ್ಲಿ ನೀನು ಏನೂ ಕೇಳಲಿಲ್ಲ. ಈಗ ಹೇಳುತ್ತೇನೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಹೆಬ್ಬೆರಳಿಗೆ ತೋರುಬೆರಳು ಬಡಿ ಎಂದಳು. ಎಡಗೈ ಬಡಿಯಿತು. ಬಲಗೈ ನಾಲ್ಕು ಸಲ ಬಡಿದು ನಿಂತಿತು. ಬಾಗಿಲ ತನಕ ನಡೆಸಿದಳು. ಆಮೇಲೆ ಬಿಳಿ ಹಾಳೆ ಕೊಟ್ಟು ಬರೆಯಲು ಹೇಳಿದಳು. ನಾನು ಸ ರಿ ಗ ಮ ಬರೆದೆ. "ಇಂಕೊಕ ಲೈನ್ ರಾಯಂಡಮ್ಮಾ," ಎಂದು ತೆಲುಗಿನಲ್ಲಿ ಹೇಳಿ ಇನ್ನೊಂದು ಸಾಲು, ಇನ್ನೊಂದು ಸಾಲು ಬರೆಸಿದಳು. ಐದನೆಯ ಸಾಲಿಗೆ ಅವಳು ಪೆನ್ನನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು. ಹೆಸರಿಟ್ಟು ಹೇಳಿದಳು. ಎಲ್ಲರಿಗೂ ಒಂದೇ ಥರ ಆಗುವುದಿಲ್ಲ, ಗುಳಿಗೆಯಿಂದ ಬಹಳ ವರ್ಷ ಚೆನ್ನಾಗಿರುವವರು ಇದ್ದಾರೆ, ಇಷ್ಟು ತಡ ಮಾಡಬಾರದಿತ್ತು ಎಂದಳು. ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ.

ನಿನ್ನೆ ಶನಿವಾರ ಕೌಸ್ತುಭ ಬಂದ. ಗುಳಿಗೆಯ ಚೀಟಿಯನ್ನು ಬೇಳೆ ಡಬ್ಬಿಯ ಹಿಂದೆ ಇಟ್ಟಿದ್ದೆ. ಸಾರು ಮಾಡುತ್ತೇನೆಂದು ಅವನೇ ಅಡುಗೆಮನೆಗೆ ಹೋದ. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಚೀಟಿ ಹಿಡಿದು ನೆಲದ ಮೇಲೆ ಕೂತಿದ್ದ. ಅದೇ ಗುಳಿಗೆ. ನಾಲ್ಕು ವರ್ಷ ಮಾಮನಿಗೆ ಅವನೇ ನುಂಗಿಸಿದ್ದ.

"ಕೌಸ್ತುಭಾ, ನಾನು ಹೇಳಬೇಕಂತಿದ್ದೆ," ಎಂದೆ.

"ನನಗ ಗೊತ್ತದಮ್ಮಾ. ಸಂಕ್ರಾಂತಿಗೆ ಗ್ಯಾಸ್ ಫಾರ್ಮ್ ಮ್ಯಾಲ ಸಹಿ ಮಾಡಿದ್ರಲ್ಲಾ, ಆವಾಗೇ ತಿಳೀತು."

"ಮತ್ತ ಯಾಕ ಸುಮ್ಮನಿದ್ದಿ?"

"ನಾ ಬಾಯಿ ಬಿಟ್ಟು ಅಂದ್ರ ಖರೇ ಆಗಿಬಿಡ್ತದ ಅಂತ ಅಂಜಿದೆ."

ತಾಯಿ ಮಗ ಎಂಟು ತಿಂಗಳು ಒಬ್ಬರಿಗೊಬ್ಬರು ಚಹಾ ಕೊಟ್ಟುಕೊಂಡು, ಒಬ್ಬರ ಕಣ್ಣಿಂದ ಇನ್ನೊಬ್ಬರು ಇದನ್ನು ಮುಚ್ಚಿಟ್ಟಿದ್ದೇವೆ.

ಆಮೇಲೆ ಅವನು ಪಾಕೀಟಿನಿಂದ ಮಡಿಚಿ ಮಡಿಚಿ ಹರಿಯುವಂತಾದ ಒಂದು ಕಾಗದ ತೆಗೆದ. ಅದರ ತುಂಬ ಅವನದೇ ಹೆಸರು. ಮಾಮ ಹೋದಂದಿನಿಂದ ಪ್ರತಿ ಹುಟ್ಟುಹಬ್ಬಕ್ಕೆ ಒಮ್ಮೆ, ಈ ಸಂಕ್ರಾಂತಿಯಿಂದ ಪ್ರತಿ ತಿಂಗಳ ಒಂದನೇ ತಾರೀಖು, ತನ್ನ ಹೆಸರನ್ನು ಬರೆದು ನೋಡುತ್ತಾನಂತೆ. ಸಣ್ಣದಾಯಿತೋ ಎಂದು. ಇವನಿಗೆ ಮೂವತ್ತು ವರ್ಷ, ಶರ್ವರಿ. ಇಷ್ಟು ದಿನ ನಾನು ನನ್ನ ಹೆದರಿಕೆಯೊಂದನ್ನೇ ಕಾಯುತ್ತಿದ್ದೆ. ಮಗನ ಪಾಕೀಟಿನಲ್ಲಿ ಇನ್ನೊಂದು ಬೆಳೆಯುತ್ತಿತ್ತು. ಹೆಸರುಗಳನ್ನೆಲ್ಲ ಒಂದೊಂದಾಗಿ ಅಳತೆಪಟ್ಟಿಯಿಟ್ಟು ನೋಡಿದೆ. ಒಂದೂ ಕುಗ್ಗಿಲ್ಲ. ಅವನಿಗೆ ತೋರಿಸಿದೆ. ಮುಂದಿನ ಸಲ ಅವನನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಕೇಳಿಸುತ್ತೇನೆ. ನಾನು ಹೇಳಿದರೆ ನಂಬುವುದಿಲ್ಲ.

ಪುಸ್ತಕದ ವಿಷಯ. ನೀನು ಮಾತು ಉಳಿಸಿಕೊಂಡೆ. ನಾನು ನನ್ನ ಮಾತು ಬದಲಿಸುತ್ತೇನೆ. ಎಲ್ಲ ಹಾಳೆಗಳಿಗೂ ಒಂದೇ ಅಂಕಿ ಕೊಡು, ಆ ಅರವತ್ತನಾಲ್ಕು. ಬರೆದ ಕ್ರಮದಲ್ಲೇ ಇಡು, ತಾರೀಖುಗಳು ಇರಲಿ. ಯಾವ ಹೊತ್ತಿಗೆ ಯಾವ ಪದ ಎನ್ನುವ ಪಟ್ಟಿ ಹಿಂದೆ ಹಾಕಿದರಾಯಿತು. ಓದಲಾಗದ ಕೊನೆಯ ಹನ್ನೊಂದು ಪದಗಳನ್ನು ಹೊಸದಾಗಿ ಬರೆಯಬೇಕು. ನಾನು ಹಾಡುತ್ತೇನೆ, ನೀನು ಬರೆ. ಭಾನುವಾರ ಬಾ.

ಸುಂದರಾಬಾಯಿ


ಕೂಕಟ್‌ಪಲ್ಲಿ
10 ಅಕ್ಟೋಬರ್ 2024

ಅಕ್ಕಾವರೇ,

ಪುಸ್ತಕಗಳನ್ನು ಆನಂದಕುಮಾರ ಅವರ ಜೊತೆ ಕಳಿಸಿದ್ದೇನೆ. ನೂರು ಪ್ರತಿ. ನಾನು ಬರಲಾರೆ. ಮೂರು ದಿನದಿಂದ ಜ್ವರ, ಕೀಲುಗಳೆಲ್ಲ ಹಿಡಿದಿವೆ. ಡೆಂಗ್ಯೂ ಅಂದಿದ್ದಾರೆ, ಪರವಾಗಿಲ್ಲವೆಂದೂ ಅಂದಿದ್ದಾರೆ. ನಾಡಿದ್ದು ದಶಮಿಗೆ ನಿಮ್ಮ ಎದುರು ಕೂರಲಾಗುವುದಿಲ್ಲ ಎಂಬುದೇ ಸಂಕಟ.

ಒಂದು ಮಾತು ಹೇಳದೆ ಇಟ್ಟುಕೊಂಡಿದ್ದೆ. ಕೊನೆಯ ಭಾನುವಾರ, ನಾನು ಬರೆದುಕೊಳ್ಳುತ್ತಿದ್ದ ಹನ್ನೊಂದರಲ್ಲಿ ಹತ್ತನೆಯ ಪದದ ನಡುವೆ ನೀವು ಹಾಡುತ್ತ ಹಾಡುತ್ತ ನಿಂತುಬಿಟ್ಟಿರಿ. ನಾನು ಪೆನ್ನು ಎತ್ತಿಕೊಂಡು ಕಾದೆ. ಗೋಡೆಯ ಗಡಿಯಾರದ ಸದ್ದು ಕೇಳುತ್ತಿತ್ತು. ಧಾಟಿ ಮರೆತುಹೋಯಿತೋ, ಉಸಿರು ಸಾಲಲಿಲ್ಲವೋ, ಬೇರೆ ಏನೋ, ನನಗೆ ತಿಳಿಯಲಿಲ್ಲ. ನಿಮ್ಮ ಮುಖ ನೋಡಲು ಧೈರ್ಯವಾಗಲಿಲ್ಲ. ಆಮೇಲೆ ನೀವು ಎತ್ತಿಕೊಂಡಿರಿ, ನಾನು ಬರೆದೆ. ಆ ಸಾಲು ಪುಸ್ತಕದಲ್ಲಿ ಎಲ್ಲ ಸಾಲುಗಳ ಹಾಗೆಯೇ ಇದೆ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಆ ಗಡಿಯಾರ ಕೇಳಿಸುತ್ತದೆ.

ನಾನು ಬರೆದ ಪದಗಳಲ್ಲಿ ಕೋಮಲ ನಿಷಾದ ಎಲ್ಲಿಯೂ ಮರೆತಿಲ್ಲ. ನೋಡಿ ಹೇಳಿ.

ಶರ್ವರಿ


ಉಪ್ಪಲ್
14 ಅಕ್ಟೋಬರ್ 2024

ಪ್ರೀತಿಯ ಶರ್ವರಿ,

ಸುಗಲಮ್ಮನ ಕೈಯಲ್ಲಿ ಇದರ ಜೊತೆ ಎಳನೀರು ಕಳಿಸಿದ್ದೇನೆ. ಕುಡಿದು ಮಲಗಿಕೊಂಡು ಓದು.

ಹತ್ತನೆಯ ಪದದ ನಡುವೆ ನಾನು ಯಾಕೆ ನಿಂತೆನೆಂದು ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಆವತ್ತೇ ಹೇಳುತ್ತಿದ್ದೆ.

ದಶಮಿಯ ದಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಮೂವತ್ತು ಜನ ಸೇರಿದ್ದರು. ಪುಸ್ತಕ ಹಂಚಿ ಆಯಿತು. ಮಕ್ಕಳು ಹಾಡಲು ಮುಂದೆ ಕೂತರು. ಧನಶ್ರೀ ಪುಟ ತಿರುವುತ್ತ ತಿರುವುತ್ತ ಹೋದಳು, ಹಿಂದಕ್ಕೆ ಬಂದಳು, ಮತ್ತೆ ಮುಂದಕ್ಕೆ ಹೋದಳು. ಅವಳು ಏನು ಕೇಳುತ್ತಾಳೆಂದು ನನಗೆ ಆಗಲೇ ಗೊತ್ತಾಯಿತು.

"ಅಕ್ಕಾವ್ರ, ನಿಮ್ಮ ಅಕ್ಷರ ಸಣ್ಣ ಸಣ್ಣ ಆಗಿ, ಇಲ್ಲಿಂದ ಒಮ್ಮೆಲೆ ಬ್ಯಾರೆ ಯಾರದೋ ಆಗ್ಯದಲ್ರಿ. ಯಾಕ್ರಿ?"

ಹಾಲಿನಲ್ಲಿ ಎಲ್ಲರೂ ಕೇಳಿಸಿಕೊಂಡರು. ಎಲ್ಲರೂ ಪುಟ ತಿರುವಿ ನೋಡಲು ಶುರು ಮಾಡಿದರು. ಕೌಸ್ತುಭ ಹಿಂದಿನ ಕುರ್ಚಿಯಿಂದ ಎದ್ದ, ಏನಾದರೂ ಹೇಳಿ ಮಾತು ತೇಲಿಸಲು. ನಾನು ಕೂರು ಎಂದು ಕಣ್ಣಿನಿಂದ ಹೇಳಿದೆ. ಅವನಿಗೆ ಅರ್ಥವಾಯಿತು, ಕೂತ.

"ನನಗ ಪಾರ್ಕಿನ್ಸನ್ ಅಂತ ರೋಗ ಆಗ್ಯದವಾ," ಎಂದೆ. ಡಾಕ್ಟರಮ್ಮ ಹೇಳಿದ ಹೆಸರನ್ನು ನನ್ನ ಬಾಯಿಂದ ಆಡಿದ್ದು ಅದೇ ಮೊದಲು. "ಕೈ ಹೇಳಿದ ಮಾತು ಕೇಳಂಗಿಲ್ಲ. ಅದಕ್ಕ ಅಕ್ಷರ ಸಣ್ಣ ಆದ್ವು. ಕಡೇ ಹನ್ನೊಂದು ಪದ ನನ್ನ ಶಿಷ್ಯಳು ಬರದಾಳ. ಆಕಿ ಹೆಸರು ಶರ್ವರಿ."

ಮುಂದಿನ ಸಾಲಿನಲ್ಲಿದ್ದ ಧನಶ್ರೀಯ ತಾಯಿ ಮಗಳ ತೋಳು ಹಿಡಿದು ಸುಮ್ಮನಿರಿಸಲು ನೋಡಿದಳು. ಆ ಹುಡುಗಿ ಬಿಡಲಿಲ್ಲ.

"ನೋವಾಗ್ತದೇನ್ರಿ?"

"ಇಲ್ಲ. ಅಂಜಿಕಿ ಆಗ್ತದ."

ಅವಳು ತೆರೆದ ಪುಟದ ಮೇಲೆ ಬೆರಳಿಟ್ಟಳು. ಆ ಪದವನ್ನೇ ಹಾಡಲೇ ಎಂದು ಕೇಳಿದಳು, ಅಕ್ಷರ ಬದಲಾಗುವ ಪುಟದ ಪದ, ನೀನು ಬರೆದದ್ದು. ಹ್ಞೂಂ ಅಂದೆ. ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಸಾಲಿನ ಮೇಲೆ ಬೆರಳು ಸರಿಸುತ್ತ ಹಾಡಿದಳು. ನಾನು ಅವಳಿಗೆ ಆ ಪದ ಎಂದೂ ಕಲಿಸಿರಲಿಲ್ಲ, ಶರ್ವರಿ. ಅಜ್ಜಿಯ ಧಾಟಿ ನನ್ನ ಬಾಯಿಂದ ಕೇಳದ ಮಗುವಿನ ಬಾಯಲ್ಲಿ ಬಂತು. ಎರಡನೆಯ ಸಾಲಿನಲ್ಲಿ ತಪ್ಪಿದಳು. ನಾನು ತಿದ್ದಿದೆ. ಮತ್ತೆ ಹಾಡಿದಳು, ಸರಿಯಾಗಿ ಹಾಡಿದಳು.

ನಿನ್ನ
ಸುಂದರಾಬಾಯಿ